ಮನೆಯ ಮೂಕಬಂಧುಗಳು

(ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯ ಮೇಲೆ ನಿಂತವರು ನಾಡು ನುಡಿಗಳ ಮಾತು ಬಿಟ್ಟು ನಾಯಿ ಬೆಕ್ಕುಗಳ ವಿಚಾರ ಎತ್ತುವುದು ಉಚಿತವೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ನಾನು ಈ ವಿಷಯವನ್ನು ಸೂಚಿಸಿದಾಗ ನಮ್ಮ ಕಾರ್ಯದರ್ಶಿಗಳೂ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆದರೆ ಈ ಮುಂಬಯಿಯಲ್ಲಿ ನಮ್ಮವರ ಮನೆಗಳನ್ನು ಸುತ್ತಿ ಬಂದವರಿಗೆ ಒಂದು ಸಂಗತಿ ಗೊತ್ತಿದೆ. ಗಂಡ ಹೆಂಡತಿ ಇಬ್ಬರೂ ಕಚೇರಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ, ಬೀಗ ಬಿದ್ದ ಫ್ಲ್ಯಾಟಿನೊಳಗೆ ಸಂಜೆಯ ತನಕ ಬಾಗಿಲನ್ನೇ ನೋಡುತ್ತ ಮಲಗಿರುವ ಒಂದು ಜೀವ ಎಷ್ಟೋ ಮನೆಗಳಲ್ಲಿ ಉಂಟು. ಆ ಜೀವಕ್ಕೆ ಮನಸ್ಸೆಂಬುದು ಇದೆಯೆ? ಇದ್ದರೆ ನಮ್ಮ ಕುಟುಂಬದಲ್ಲಿ ಅದರ ಸ್ಥಾನವೇನು? ಈ ಎರಡು ಪ್ರಶ್ನೆಗಳನ್ನು ತಮ್ಮ ಮುಂದಿಡುವುದಷ್ಟೇ ಈ ಹೊತ್ತಿನ ನನ್ನ ಉದ್ದೇಶ.

ನಮ್ಮ ಹಿರಿಯರಿಗೆ ಮೊದಲನೆಯ ಪ್ರಶ್ನೆ ಪ್ರಶ್ನೆಯಾಗಿಯೇ ತೋರಿರಲಿಲ್ಲ. ಹಟ್ಟಿಯ ದನಕ್ಕೆ ಹೆಸರಿಟ್ಟು ಕರೆದರು. ದೀಪಾವಳಿಯಲ್ಲಿ ಮೈ ತೊಳೆದು, ಕೊರಳಿಗೆ ಹೂಮಾಲೆ ಹಾಕಿ, ಎಡೆಯಿಟ್ಟು ಕೈಮುಗಿದರು. ನಮ್ಮ ಸಂಘದ ಮಕ್ಕಳು ಪ್ರತಿ ರಾಜ್ಯೋತ್ಸವದಲ್ಲಿ ಗೋವಿನ ಹಾಡನ್ನು ಹೇಳುವಾಗ ಸಭೆಯಲ್ಲಿ ಕುಳಿತ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ನಾವು ನೋಡಿದ್ದೇವೆ. ಪುಣ್ಯಕೋಟಿ ಹಸುವೆಂಬುದು ಆ ಗಳಿಗೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಕಾಣುವುದು ಮಗುವನ್ನು ಬಿಟ್ಟು ಹೋಗಬೇಕಾದ ತಾಯಿ.

ಇದಕ್ಕಿಂತ ಹಳೆಯ ಸಾಕ್ಷಿಯೊಂದು ಕಲ್ಲಿನ ಮೇಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. ೯೪೯-೫೦ರ ಕಾಲದ ಶಾಸನವನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನೂ ಗಂಗರ ಬೂತುಗನೂ ಚೋಳ ರಾಜಾದಿತ್ಯನನ್ನು ತಕ್ಕೋಲದಲ್ಲಿ ಸೋಲಿಸಿದ ದೊಡ್ಡ ಯುದ್ಧದ ಮಾತು ಅದರಲ್ಲಿದೆ. ಆದರೆ ಆ ಕಲ್ಲನ್ನು ನಿಲ್ಲಿಸಿದ್ದು ರಾಜರ ನೆನಪಿಗಾಗಿ ಅಲ್ಲ. ಕಾಳಿ ಎಂಬ ಒಂದು ಬೇಟೆನಾಯಿಯ ನೆನಪಿಗಾಗಿ. ಮಣಲೇರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿ ಒಡೆಯನು ಬೇಕಾದ್ದನ್ನು ಕೇಳೆಂದಾಗ, ಊರು ಉಂಬಳಿ ಹೊನ್ನು ಯಾವುದನ್ನೂ ಕೇಳದೆ ಅವನು ಈ ನಾಯಿಯನ್ನು ಕೇಳಿದ. ಮುಂದೆ ಅದು ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರನು ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟು, ಕಲ್ಲನ್ನು ಪೂಜಿಸದೆ ಉಂಡ ಪೂಜಾರಿಗೆ ಪಾಪ ತಟ್ಟಲೆಂದು ಬರೆಯಿಸಿದ. ನಾಯಿಯೂ ಹಂದಿಯೂ ಸೆಣಸುವ ಕೆತ್ತನೆಯುಳ್ಳ ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಸಾವಿರ ವರ್ಷದ ಹಿಂದಿನ ಕನ್ನಡಿಗನೊಬ್ಬ ತನ್ನ ನಾಯಿಗಾಗಿ ಅತ್ತನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನು ನಾವು ಬಂದು ನೆಲೆಸಿರುವ ಈ ಊರಿನ ಮಾತು. ೧೮೩೨ರ ಜೂನ್ ತಿಂಗಳಲ್ಲಿ, ಬೀದಿನಾಯಿಗಳನ್ನು ಕೊಲ್ಲಿಸಲು ಆಗಿನ ಸರ್ಕಾರವು ಹೊರಟಾಗ, ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರಸಿಗಳು ಕೋಟೆಯ ಪ್ರದೇಶದಲ್ಲಿ ಅಂಗಡಿ ಮುಂಗಟ್ಟುಗಳನ್ನು ಮುಚ್ಚಿ ಬೀದಿಗೆ ಇಳಿದರು. ಅದು ದಂಗೆಯ ರೂಪವನ್ನೇ ತಾಳಿತು. ಪ್ರಾಣಿದಯಾ ಸಂಘವೊಂದು ಇಲ್ಲಿ ೧೮೭೪ರಲ್ಲಿಯೇ ಹುಟ್ಟಿತು.

ಹೃದಯ ಹೀಗೆ ಹೇಳುತ್ತಿದ್ದರೂ ಬುದ್ಧಿ ಬಹುಕಾಲ ಒಪ್ಪಲಿಲ್ಲ. ಪ್ರಾಣಿಯೆಂದರೆ ಗಡಿಯಾರದಂಥ ಯಂತ್ರವೆಂಬ ಭಾವನೆಗೆ ೧೭ನೆಯ ಶತಮಾನದ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್‌ನ ವಿಚಾರಗಳು ಬಲ ಕೊಟ್ಟವು. ೧೮೭೨ರಲ್ಲಿ ಚಾರ್ಲ್ಸ್ ಡಾರ್ವಿನ್ನನು, ಮನುಷ್ಯರೂ ಪ್ರಾಣಿಗಳೂ ಭಾವನೆಗಳನ್ನು ಹೊರಗೆ ತೋರುವ ಬಗೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದು, ಎರಡೂ ಒಂದೇ ಬೇರಿನಿಂದ ಚಿಗುರಿದವೆಂದು ವಾದಿಸಿದ. ಆದರೂ ವಿಜ್ಞಾನಿಗಳು ಪ್ರಾಣಿಯ ‘ಪ್ರೀತಿ’ಯ ಮಾತೆತ್ತಲು ಬಹಳ ವರ್ಷ ಸಂಕೋಚಪಟ್ಟರು. ಆ ಸಂಕೋಚ ಕಳೆದದ್ದು ಈಚೆಗೆ.

ಜಪಾನಿನ ಅಜಾಬು ವಿಶ್ವವಿದ್ಯಾಲಯದವರು ೨೦೧೫ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ನೋಡಿ. ತಾಯಿ ಮಗುವಿಗೆ ಮೊಲೆಯೂಡುವಾಗ ಅವಳ ಶರೀರದಲ್ಲಿ ಸ್ರವಿಸುವ ಆಕ್ಸಿಟೋಸಿನ್ ಎಂಬ ರಸವೊಂದುಂಟು. ನಾಯಿಯೂ ಅದರ ಒಡೆಯನೂ ಕಣ್ಣಿಗೆ ಕಣ್ಣಿಟ್ಟು ಹೆಚ್ಚು ಹೊತ್ತು ನೋಡಿದಾಗ ಇಬ್ಬರಲ್ಲಿಯೂ ಆ ರಸ ಹೆಚ್ಚುತ್ತದೆಯೆಂದು ಅವರು ಕಂಡರು. ಮನುಷ್ಯರೇ ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ಎಂದರೆ, ನಾಯಿಯ ಆ ನೋಟ ಬರಿಯ ಅನ್ನದಾಸೆಯದಲ್ಲ. ಸಾವಿರಾರು ವರ್ಷ ನಮ್ಮೊಡನೆ ಬಾಳಿ ಅದು ಗಳಿಸಿಕೊಂಡ ನಂಟಿನ ಭಾಷೆ.

ಹೊರನಾಡಿನ ಕನ್ನಡಿಗರಾದ ನಮಗೆ ಇನ್ನೂ ಹತ್ತಿರವಾದ ಸಂಗತಿಯೊಂದನ್ನು ಹೇಳುತ್ತೇನೆ. ಲಾರಾ ಕುವಾಯಾ ಎಂಬ ಸಂಶೋಧಕಿ ಮೆಕ್ಸಿಕೋದಿಂದ ಹಂಗೇರಿಯ ಬುಡಾಪೆಸ್ಟ್ ನಗರಕ್ಕೆ ಕೆಲಸಕ್ಕೆ ಹೋದಾಗ ತನ್ನ ನಾಯಿ ಕುನ್‌ಕುನ್‌ನನ್ನೂ ಕರೆದೊಯ್ದಳು. ಅಲ್ಲಿಯ ತನಕ ಅದು ಕೇಳಿದ್ದುದೆಲ್ಲ ಸ್ಪ್ಯಾನಿಷ್. ಬುಡಾಪೆಸ್ಟಿನ ಜನ ಆಡುವುದು ಬೇರೆ ನುಡಿಯೆಂದು ನಾಯಿಗೂ ತಿಳಿಯುತ್ತದೆಯೆ ಎಂಬ ಕುತೂಹಲ ಅವಳಿಗೆ ಹುಟ್ಟಿತು. ಹದಿನೆಂಟು ನಾಯಿಗಳಿಗೆ ಎಂ.ಆರ್.ಐ. ಯಂತ್ರದೊಳಗೆ ಅಲುಗದೆ ಮಲಗುವುದನ್ನು ಕಲಿಸಿ, ಒಂದೇ ಕಥೆಯ ಭಾಗಗಳನ್ನು ಸ್ಪ್ಯಾನಿಷಿನಲ್ಲಿಯೂ ಹಂಗೇರಿಯನ್ನಿನಲ್ಲಿಯೂ ಕೇಳಿಸಿದರು. ಕೇಳಿ ಪಳಗಿದ ನುಡಿಗೂ ಕೇಳದ ನುಡಿಗೂ ನಾಯಿಯ ಮಿದುಳು ಬೇರೆ ಬೇರೆಯಾಗಿ ಸ್ಪಂದಿಸಿತು. ವಯಸ್ಸಾದ ನಾಯಿಗಳಲ್ಲಿ ಆ ಭೇದ ಇನ್ನೂ ಸ್ಪಷ್ಟವಾಗಿತ್ತು. ೨೦೨೨ರ ಈ ಸಂಶೋಧನೆಯನ್ನು ಓದಿದಾಗ ನನಗೆ ಅನ್ನಿಸಿತು: ನಮ್ಮ ಮನೆಯ ನಾಯಿಗೂ ಮನೆಮಾತು ಎಂಬುದೊಂದಿದೆ, ಅದು ಕನ್ನಡ!

ಇದು ಹಾಸ್ಯದ ಮಾತಲ್ಲ. ನನಗೆ ಪರಿಚಯದ ಮನೆಯೊಂದರಲ್ಲಿ ಧಾರವಾಡದ ಕಡೆಯ ಅಜ್ಜಿಯೊಬ್ಬರಿದ್ದಾರೆ. ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದವರು. ಹಿಂದಿ ಬಾರದು, ಮರಾಠಿ ಅಷ್ಟಿಷ್ಟು. ಮೊಮ್ಮಕ್ಕಳು ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಹಗಲೆಲ್ಲ ಅವರ ಕನ್ನಡವನ್ನು ಕಿವಿ ನಿಮಿರಿಸಿ ಕೇಳುತ್ತಿದ್ದುದು ಮನೆಯ ನಾಯಿಯೊಂದೇ. “ಕುಂದ್ರು” ಎಂದರೆ ಕೂರುತ್ತಿತ್ತು, “ಬಾರೋ ತಮ್ಮಾ” ಎಂದರೆ ಬಂದು ಮಡಿಲಿಗೆ ತಲೆಯಿಡುತ್ತಿತ್ತು. ಮಗನಿಗೆ ದಿಲ್ಲಿಗೆ ವರ್ಗವಾಯಿತು. ನಾಯಿಯನ್ನು ಕಟ್ಟಡದ ಕಾವಲುಗಾರನಿಗೆ ಒಪ್ಪಿಸುವುದೆಂದು ಮನೆಯಲ್ಲಿ ಮಾತಾಯಿತು. ಸಾಮಾನು ಕಟ್ಟುವ ದಿನ ಅಜ್ಜಿ ಹೇಳಿದ್ದು ಒಂದೇ ಮಾತು: “ನನ್ನ ಒಯ್ಯೂದಿದ್ರ ಅವನ್ನೂ ಒಯ್ಯೋ ತಮ್ಮಾ. ಇಲ್ಲಾ, ಇಬ್ಬರನ್ನೂ ಇಲ್ಲೇ ಬಿಡು.” ಮಗ ವಿವೇಕಿ. ರೈಲಿನಲ್ಲಿ ಮೊದಲ ದರ್ಜೆಯ ಇಡೀ ಕೂಪೆಯನ್ನು ಕಾಯ್ದಿರಿಸಿದರೆ ನಾಯಿಯನ್ನು ಜೊತೆಗೆ ಒಯ್ಯಬಹುದೆಂದು ವಿಚಾರಿಸಿಕೊಂಡು ಬಂದ. ಖರ್ಚು ಹೆಚ್ಚಾಯಿತು, ನಿಜ. ಆದರೆ ಆ ಮನೆಯ ಮಕ್ಕಳು ಅಂದು ಕಲಿತ ಪಾಠಕ್ಕೆ ಬೆಲೆ ಕಟ್ಟುವುದು ಹೇಗೆ?

ಪ್ರಾಣಿಗೆ ಮನಸ್ಸಿದೆಯೆಂದ ಮಾತ್ರಕ್ಕೆ ಅದು ಮನುಷ್ಯನ ಮನಸ್ಸೇ ಎಂದು ತಿಳಿಯುವುದೂ ತಪ್ಪು. ಇದನ್ನು ಒತ್ತಿ ಹೇಳಬೇಕಾಗಿದೆ. ಮನೆಗೆ ಬಂದಾಗ ದಿಂಬು ಹರಿದು ಹತ್ತಿ ಹರಡಿರುತ್ತದೆ. ನಾಯಿ ತಲೆ ತಗ್ಗಿಸಿ, ಕಿವಿ ಮಡಿಚಿ ನಿಲ್ಲುತ್ತದೆ. “ನೋಡಿ, ಮಾಡಿದ ತಪ್ಪು ಅದಕ್ಕೇ ಗೊತ್ತು” ಎಂದು ನಾವು ಗದರಿಸುತ್ತೇವೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿ ೨೦೦೯ರಲ್ಲಿ ಇದನ್ನು ಪರೀಕ್ಷಿಸಿ ನೋಡಿದಳು. ತಿನ್ನಬೇಡವೆಂದ ತಿಂಡಿಯನ್ನು ನಾಯಿ ತಿಂದಿರಲಿ, ಬಿಟ್ಟಿರಲಿ, ಒಡೆಯ ಗದರಿಸಿದಾಗ ಮಾತ್ರ ಆ ‘ತಪ್ಪಿತಸ್ಥ’ ಮುಖ ಹೆಚ್ಚಾಗಿ ಕಾಣಿಸಿತು. ಅಂದಮೇಲೆ ಅದು ತಪ್ಪೊಪ್ಪಿಗೆಯಲ್ಲ. ನಮ್ಮ ಸಿಟ್ಟಿಗೆ ಹೆದರಿದ ಜೀವದ ದೈನ್ಯ. ಬೆಳಿಗ್ಗೆ ಹರಿದ ದಿಂಬಿಗೆ ಸಂಜೆ ಹೊಡೆದರೆ ನಾಯಿ ಕಲಿಯುವುದು ಒಂದನ್ನೇ: ಸಂಜೆ ಬಾಗಿಲು ತೆರೆಯುವುದು ಭಯದ ಹೊತ್ತು. ದಿನವಿಡೀ ಕಾದ ಗಳಿಗೆಯನ್ನೇ ನಾವು ಅದಕ್ಕೆ ವಿಷ ಮಾಡುತ್ತೇವೆ.

ಬೆಕ್ಕಿನ ಮೇಲೂ ನಾವು ಹೊರಿಸಿದ ಅಪವಾದವೊಂದಿದೆ: ಅದಕ್ಕೆ ಮನೆ ಬೇಕು, ಮನೆಯವರು ಬೇಡ ಎಂದು. ಬೆಕ್ಕು ಇತರ ಶಬ್ದಗಳ ನಡುವೆ ತನ್ನ ಹೆಸರನ್ನು ಗುರುತಿಸಬಲ್ಲದೆಂದು ೨೦೧೯ರಲ್ಲಿ ಜಪಾನಿನ ವಿದ್ವಾಂಸರು ತೋರಿಸಿದರು. ಕರೆದಾಗ ಬರುವುದು ಬಿಡುವುದು ಅದರ ಚಿತ್ತ! ಅದೇ ವರ್ಷ ಅಮೆರಿಕದ ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದವರು ಮರಿಗಳನ್ನು ಪರೀಕ್ಷಿಸಿದಾಗ, ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಮರಿಗಳು ಹೊಸ ಜಾಗದಲ್ಲಿ ಸಾಕಿದವರು ಮರಳಿ ಬಂದ ಕೂಡಲೆ ಸಮಾಧಾನಗೊಂಡು ನಿಶ್ಚಿಂತೆಯಿಂದ ಆಡತೊಡಗಿದವು. ಬೆಕ್ಕನ್ನು ನೋಡಿ ಮೆಲ್ಲಗೆ ಕಣ್ಣು ಮುಚ್ಚಿ ತೆರೆದರೆ ಅದೂ ಹಾಗೆಯೇ ಕಣ್ಣುಮುಚ್ಚಿ ಉತ್ತರ ಕೊಡುತ್ತದೆಂದು ೨೦೨೦ರಲ್ಲಿ ಇಂಗ್ಲೆಂಡಿನ ಸಂಶೋಧಕರು ಬರೆದರು. ಇದನ್ನು ಈ ರಾತ್ರಿ ಮನೆಗೆ ಹೋಗಿ ತಾವೇ ಮಾಡಿ ನೋಡಬಹುದು, ಖರ್ಚೇನೂ ಇಲ್ಲ.

ಹಾಗಾದರೆ ಕುಟುಂಬದಲ್ಲಿ ಇವುಗಳ ಸ್ಥಾನ ಯಾವುದು? ಕೆಲವರು ಇವನ್ನು ಆಟದ ಸಾಮಾನೆಂದು ತಿಳಿಯುತ್ತಾರೆ. ಮಗುವಿನ ಹುಟ್ಟುಹಬ್ಬಕ್ಕೆ ಮರಿ ತಂದು, ಅದು ಬೆಳೆದು ಕೂದಲು ಉದುರಿಸತೊಡಗಿದಾಗ ಬೇಸರಪಡುತ್ತಾರೆ. ಕೆಲವರು ಕಾವಲಿನ ಯಂತ್ರವೆಂದು ತಿಳಿದು ಹಗಲಿರುಳು ಕಟ್ಟಿಹಾಕುತ್ತಾರೆ. ಈಚೆಗೆ ಮೂರನೆಯ ಪಂಗಡವೊಂದು ಹುಟ್ಟಿದೆ. ಅಂಗಿ ತೊಡಿಸಿ, ಕೇಕು ತಿನ್ನಿಸಿ, ನಾಯಿಯನ್ನು ಮನುಷ್ಯನ ಮಗುವನ್ನಾಗಿ ಮಾಡುವವರು. ಮೂರರಲ್ಲಿಯೂ ಲೋಪ ಒಂದೇ: ಪ್ರಾಣಿಗೆ ಬೇಕಾದುದೇನೆಂದು ಯಾರೂ ಕೇಳುವುದಿಲ್ಲ. ನಾಯಿಗೆ ಬೇಕಾದುದು ಹೊತ್ತಿಗೆ ಸರಿಯಾದ ಊಟ, ದಿನಕ್ಕೆರಡು ಸಾರಿ ಮೂಸುತ್ತ ನಡೆಯುವ ಬಿಡುವು, ಹುಚ್ಚುರೋಗದ ಚುಚ್ಚುಮದ್ದು, ಮನೆಯವರ ಸಹವಾಸ. ಬೆಕ್ಕಿಗೆ ಬೇಕಾದುದು ಏರಿ ಕೂರಲು ಎತ್ತರದ ಒಂದು ಜಾಗ, ಚೊಕ್ಕಟವಾದ ಮಣ್ಣಿನ ತಟ್ಟೆ, ತಾನಾಗಿ ಬಂದಾಗ ಒಂದು ಮಡಿಲು. ಅವಿಭಕ್ತ ಕುಟುಂಬದಲ್ಲಿ ದುಡಿಯಲಾರದ ಮುದಿ ಸೋದರತ್ತೆಗೂ ಒಂದು ಮೂಲೆ, ಒಂದು ತಟ್ಟೆ, ಒಂದು ಹಕ್ಕು ಇರುತ್ತಿತ್ತಲ್ಲವೆ? ಇವುಗಳಿಗೂ ಅಂಥ ಹಕ್ಕಿನ ಸ್ಥಾನವೇ ಸಲ್ಲಬೇಕೆಂದು ನನಗೆ ತೋರುತ್ತದೆ.

ಕಾನೂನೂ ಇದನ್ನು ತಕ್ಕಮಟ್ಟಿಗೆ ಒಪ್ಪಿದೆ. ನಾಟ್ಯಕ್ಕೆ ಹೆಸರಾದ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಹಿಡಿದ ಹಟದ ಫಲವಾಗಿ ೧೯೬೦ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆ ಬಂದಿತು. ೧೯೬೨ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಯಾಗಿ ಅವರೇ ಅದರ ಮೊದಲ ಅಧ್ಯಕ್ಷರಾದರು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ಬಿಟ್ಟುಹೋಗುವುದು ಆ ಕಾಯಿದೆಯಂತೆ ಅಪರಾಧ. ಮೊದಲ ತಪ್ಪಿಗೆ ಅಂದು ಗೊತ್ತುಮಾಡಿದ ದಂಡ ಹೆಚ್ಚೆಂದರೆ ಐವತ್ತು ರೂಪಾಯಿ! ಸಾಕುಪ್ರಾಣಿಗಳನ್ನು ಒಟ್ಟಿಗೇ ನಿಷೇಧಿಸುವ ಅಧಿಕಾರ ವಸತಿ ಸೊಸೈಟಿಗಳಿಗೆ ಇಲ್ಲವೆಂದು ಮಂಡಳಿಯು ೨೦೧೫ರಲ್ಲಿ ತಿಳಿಸಿತು. ಆದರೆ ಹಕ್ಕಿನ ಜೊತೆಗೆ ಹೊಣೆಯೂ ಇದೆ. ನಮ್ಮ ನಾಯಿ ಮೆಟ್ಟಿಲ ಬಳಿ ಹೊಲಸು ಮಾಡಿದರೆ ಎತ್ತಬೇಕಾದವರು ನಾವು. ಲಿಫ್ಟಿನಲ್ಲಿ ಹೆದರಿದ ನೆರೆಯ ಮಗುವಿಗೆ ದಾರಿ ಬಿಡಬೇಕಾದವರೂ ನಾವೇ.

ಕಡೆಯದಾಗಿ ಅಗಲಿಕೆಯ ಮಾತು. ನಾಯಿಯ ಆಯುಸ್ಸು ಸಾಮಾನ್ಯವಾಗಿ ಹತ್ತು-ಹದಿಮೂರು ವರ್ಷ, ಬೆಕ್ಕಿನದು ತುಸು ಹೆಚ್ಚು. ಮರಿಯನ್ನು ಮನೆಗೆ ತರುವ ದಿನವೇ ನಾವು ಒಂದು ಸಾವನ್ನೂ ಒಪ್ಪಿಕೊಂಡು ತರುತ್ತೇವೆ. ಜೊತೆಗಾರ ನಾಯಿ ಸತ್ತಾಗ ಉಳಿದ ನಾಯಿಯೂ ಕೊರಗುತ್ತದೆ: ಊಟ ಆಟಗಳನ್ನು ಕಡಿಮೆ ಮಾಡುತ್ತದೆ, ಮನೆಯವರಿಗೆ ಅಂಟಿಕೊಂಡಿರುತ್ತದೆ ಎಂದು ಇಟಲಿಯಲ್ಲಿ ನಾಯಿ ಸಾಕಿದವರನ್ನು ವಿಚಾರಿಸಿ ೨೦೨೨ರಲ್ಲಿ ಪ್ರಕಟಿಸಿದ ವರದಿ ತಿಳಿಸುತ್ತದೆ. ಮನುಷ್ಯರ ದುಃಖವೋ, ಹೇಳಿಕೊಳ್ಳಲಾಗದ ದುಃಖ. ನೆಂಟರು ಸತ್ತರೆ ಕಚೇರಿಯಲ್ಲಿ ರಜೆ ಉಂಟು, ಮಾತನಾಡಿಸಲು ಜನ ಬರುತ್ತಾರೆ. ನಾಯಿ ಸತ್ತು ಅಳುವವನಿಗೆ “ಇನ್ನೊಂದು ತಂದರಾಯಿತು” ಎಂಬ ಉಪದೇಶ ಸಿಗುತ್ತದೆ. ಊರಿನಲ್ಲಾದರೆ ಹಿತ್ತಿಲಲ್ಲಿ ಗುಂಡಿ ತೋಡಿ, ಅರಿಸಿನ ಹಾಕಿ, ಮೇಲೊಂದು ಗಿಡ ನೆಡುತ್ತಿದ್ದೆವು. ಇಲ್ಲಿ ಹಿತ್ತಿಲಿಲ್ಲ, ಕೊನೆಗೆ ಕಣ್ಣೀರಿಗಾದರೂ ಜಾಗ ಕೊಡೋಣ. ನಮ್ಮ ಸಂಘದ ಮನೆಯೊಂದರಲ್ಲಿ ಇಂಥ ಸಾವಾದರೆ ಹತ್ತಿರದವರು ಹೋಗಿ ಒಂದು ಗಳಿಗೆ ಕುಳಿತು ಬನ್ನಿ. ಮಕ್ಕಳು ಅಳುತ್ತಿದ್ದರೆ ಸುಮ್ಮನಿರಿಸಬೇಡಿ, ಅಳಲು ಬಿಡಿ.

ಮಹನೀಯರೆ, ಪುಣ್ಯಕೋಟಿ ಬಾಯಿಬಿಟ್ಟು ಮಾತು ಕೊಟ್ಟಿತ್ತು, ಅದನ್ನು ಉಳಿಸಿಕೊಂಡಿತು. ಮರಿಯೊಂದನ್ನು ಎತ್ತಿಕೊಂಡು ಹೊಸಿಲು ದಾಟಿ ಒಳಗೆ ಬರುವಾಗ ನಾವು ಕೊಡುವ ಮಾತು ಬಾಯಿಂದ ಆಡಿದ್ದಲ್ಲ, ಸಾಕ್ಷಿಗೂ ಯಾರಿಲ್ಲ. ಹಾಗೆಂದೇ ಅದನ್ನು ಮುರಿಯುವುದು ಸುಲಭ. ವರ್ಗವಾಗುವ ನೌಕರಿಯವರು, ಇಬ್ಬರೂ ದುಡಿಯುವವರು, ಬಾಡಿಗೆ ಮನೆಯವರು ಪ್ರಾಣಿಯನ್ನು ಸಾಕಲೇಬಾರದೆಂದು ನಾನು ಹೇಳುತ್ತಿಲ್ಲ. ತರುವ ಮುಂಚೆ ಹನ್ನೆರಡು ವರ್ಷವನ್ನು ಲೆಕ್ಕ ಹಾಕಿ ನೋಡಿ, ಆಮೇಲೆ ತನ್ನಿ. ಆಗದೆಂದು ಕಂಡರೆ ತರದಿರುವುದೂ ದಯೆಯೇ. ತಂದ ಮೇಲೆ ಮಾತ್ರ, ಮನೆ ಎಲ್ಲಿಗೆ ಹೋದರೆ ಅದೂ ಅಲ್ಲಿಗೆ.