ಕಸದ ರೈಲು ಹೋದ ದಾರಿ

(ಮಠದ ಮುಂಬಯಿ ಶಾಖೆಯ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)

 

ಉತ್ಸವದ ಸಭೆಯಲ್ಲಿ ಕಸದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಶೌಚವಿಲ್ಲದೆ ಪೂಜೆಯಿಲ್ಲ ಎಂಬುದನ್ನು ಬಲ್ಲ ಸಭೆಯಲ್ಲಿ ಈ ವಿಷಯವು ಅಪ್ರಸ್ತುತವಾಗಲಾರದು. ಮುಂಬಯಿಯ ಹಾರ್ಬರ್ ಮಾರ್ಗದಲ್ಲಿ ಕುರ್ಲಾದಿಂದ ಚೆಂಬೂರಿಗೆ ನಿತ್ಯವೂ ಸಾವಿರಾರು ಜನರು ಪ್ರಯಾಣಿಸುತ್ತಾರೆ. ಆ ಮಾರ್ಗದಲ್ಲಿ ಮೊದಲು ಸಾಗಿದ್ದು ಮನುಷ್ಯರಲ್ಲ, ಕಸ ಎಂಬ ಸಂಗತಿ ಅವರಲ್ಲಿ ಬಹುಮಂದಿಗೆ ತಿಳಿದಿರಲಾರದು. 1906ರಲ್ಲಿ ಹಾಕಲಾದ ಆ ಏಕಮಾರ್ಗವನ್ನು ಪ್ರಯಾಣಿಕರಿಗೆ ತೆರೆದದ್ದು 1924ರಲ್ಲಿ. ಅದಕ್ಕೆ ಮುನ್ನ ಅದರ ಮೇಲೆ ಓಡುತ್ತಿದ್ದುದು ನಗರದ ಕಸವನ್ನು ಹೊತ್ತ ಬಂಡಿಗಳು ಮತ್ತು ಕಟ್ಟಡ ಸಾಮಗ್ರಿಯ ಬಂಡಿಗಳು.

ಕಸಕ್ಕಾಗಿ ರೈಲುಹಳಿ ಹಾಕುವ ಯೋಚನೆಯ ಹಿಂದೆ ಒಂದು ಮಹಾಮಾರಿಯ ಕಥೆಯಿದೆ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಬಂದರಿನ ಬಳಿಯ ಇಕ್ಕಟ್ಟಾದ ಬೀದಿಗಳಲ್ಲಿ ಪ್ಲೇಗು ಕಾಣಿಸಿಕೊಂಡಿತು. ಡಾ. ಅಕಾಸಿಯೊ ವಿಯೆಗಾಸ್ ಅವರು ಅದನ್ನು ಗುರುತಿಸಿದರು. ಲಕ್ಷಾಂತರ ಜನರು ಮುಂಬಯಿಯನ್ನು ತೊರೆದು ಊರುಗಳಿಗೆ ಓಡಿದರು. ಇಲಿಯ ಮೈಮೇಲಿನ ಚಿಗಟವೇ ಈ ರೋಗದ ವಾಹಕವೆಂಬುದನ್ನು ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು ತೋರಿಸಿಕೊಟ್ಟದ್ದು 1898ರಲ್ಲಿ. ಅಲ್ಲಿಯತನಕ ಕೊಳೆತ ಕಸದ ದುರ್ವಾಸನೆಯೇ ರೋಗಕ್ಕೆ ಮೂಲವೆಂದು ಅನೇಕರು ನಂಬಿದ್ದರು. ಆ ನಂಬಿಕೆ ಪೂರ್ತಿ ಸರಿಯಲ್ಲದಿದ್ದರೂ ಪೂರ್ತಿ ತಪ್ಪೂ ಆಗಿರಲಿಲ್ಲ. ಕಸವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ. ಕಸವನ್ನು ಊರಿನಿಂದ ದೂರ ಸಾಗಿಸಬೇಕೆಂಬ ನಿರ್ಧಾರವು ಈ ಭೀತಿಯಿಂದ ಹುಟ್ಟಿತು. ಚೆಂಬೂರಿನಾಚೆ, ಖಾರಿಯ ಅಂಚಿನ ಜೌಗು ಭೂಮಿಯಾದ ದೇವನಾರ್ ಅದಕ್ಕೆ ತಕ್ಕ ಸ್ಥಳವಾಗಿ ಕಂಡಿತು. ಈಗಿನ ದೇವನಾರ್ ಕಸದ ತಾಣದ ಆರಂಭವನ್ನು 1927 ಎಂದು ದಾಖಲೆಗಳು ಹೇಳುತ್ತವೆ.

ಅಂದಿನವರ ದೃಷ್ಟಿಯಲ್ಲಿ ದೇವನಾರ್ ಎಂದರೆ ಊರ ಹೊರಗೆ. ಆದರೆ ಊರು ಬೆಳೆಯಿತು. ರೈಲು ಹೋದ ದಾರಿಯಲ್ಲಿಯೇ ಮನೆಗಳು ಬಂದವು, ಶಾಲೆಗಳು ಬಂದವು, ದೇವಾಲಯಗಳು ಬಂದವು. ‘ಹೊರಗೆ’ ಎಂದು ಗುರುತಿಸಿದ್ದ ಸ್ಥಳವು ಮಹಾನಗರದ ಒಳಗೇ ಉಳಿಯಿತು. ಸುಮಾರು 130 ಹೆಕ್ಟೇರಿನ ಆ ಭೂಮಿಯಲ್ಲಿ ಕಸವು ಬೆಟ್ಟವಾಗಿ ನಿಂತಿತು. 2025ರಲ್ಲಿ ಅದನ್ನು ಅಗೆದು ಬೇರ್ಪಡಿಸಲು ಮಹಾನಗರಪಾಲಿಕೆಯು ಟೆಂಡರು ಕರೆದಾಗ ಅಲ್ಲಿರುವ ಹಳೆಯ ಕಸದ ಅಂದಾಜು ಸುಮಾರು 185 ಲಕ್ಷ ಟನ್ನುಗಳಾಗಿತ್ತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಬದಲಾವಣೆಯುಂಟು. ನೂರು ವರ್ಷಗಳ ಹಿಂದಿನ ಕಸದಲ್ಲಿ ಇದ್ದುದು ಬಹುಮಟ್ಟಿಗೆ ಒಲೆಯ ಬೂದಿ, ತರಕಾರಿ ಸಿಪ್ಪೆ, ಎಲೆ, ಹುಲ್ಲು, ಮಣ್ಣು, ಹರಕು ಬಟ್ಟೆ. ಹಳ್ಳಿಯ ಮನೆಯ ಹಿತ್ತಿಲ ತಿಪ್ಪೆಯಂತೆ ಅದು ಕಾಲಕ್ರಮದಲ್ಲಿ ಮಣ್ಣಾಗುತ್ತಿತ್ತು. ಇಂದಿನ ಕಸದಲ್ಲಿ ಆ ಎಲ್ಲ ಪದಾರ್ಥಗಳೂ ಇವೆ. ಆದರೆ ಅವು ಪ್ಲಾಸ್ಟಿಕ್ ಚೀಲದೊಳಗೆ, ಬ್ಯಾಟರಿ, ಔಷಧದ ಸೀಸೆ, ಒಡೆದ ಟ್ಯೂಬ್‌ಲೈಟು, ಥರ್ಮೋಕೋಲುಗಳೊಡನೆ ಕಲಸಿಹೋಗಿರುತ್ತವೆ. ಸಿಪ್ಪೆಯು ತಾನಾಗಿ ಅಪಾಯಕಾರಿಯಲ್ಲ, ಪ್ಲಾಸ್ಟಿಕ್ಕೂ ಬೇರೆಯಾಗಿದ್ದರೆ ಮರುಬಳಕೆಗೆ ಬರುವಂಥದು. ಎರಡನ್ನೂ ಒಂದೇ ಚೀಲದಲ್ಲಿ ಕಟ್ಟಿದ ಕ್ಷಣದಲ್ಲಿ ಎರಡೂ ಕೆಡುತ್ತವೆ.

ಕಲಸಿದ ಕಸವನ್ನು ಎತ್ತರಕ್ಕೆ ಒಟ್ಟಿದಾಗ ಒಳಗೆ ನಡೆಯುವುದೇನು? ಮೇಲಿನ ಭಾರದಿಂದ ಒಳಗಿನ ಗಾಳಿ ಹೊರಬೀಳುತ್ತದೆ. ಗಾಳಿಯಿಲ್ಲದೆಡೆ ಬದುಕುವ ಸೂಕ್ಷ್ಮಾಣುಗಳು ಹಸಿ ಪದಾರ್ಥವನ್ನು ಕೊಳೆಸಿ ಮೀಥೇನ್ ಅನಿಲವನ್ನು ಉತ್ಪಾದಿಸುತ್ತವೆ. ಇದು ಉರಿಯುವ ಅನಿಲ. ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 25 ಪಟ್ಟಿಗೂ ಮಿಗಿಲಾದ ಶಕ್ತಿಯುಳ್ಳದ್ದು. ಉಗಿಬಂಡಿಗಳ ಕಾಲದಲ್ಲಿ ಲೋಕೋ ಶೆಡ್ಡಿನ ಕಲ್ಲಿದ್ದಲನ್ನು ಬಹಳ ಎತ್ತರಕ್ಕೆ ಒಟ್ಟಿದರೆ ಅದು ಒಳಗೊಳಗೇ ಕಾದು ತಾನೇ ಹೊತ್ತಿಕೊಳ್ಳುವ ಭಯವಿರುತ್ತಿತ್ತು. ಕಸದ ಬೆಟ್ಟದ ಸ್ವಭಾವವೂ ಅಂಥದೇ. ಮೇಲೆ ನೀರು ಸುರಿದರೂ ಆಳದ ಕಿಚ್ಚು ಆರುವುದಿಲ್ಲ.

2016ರ ಜನವರಿ ಕೊನೆಯ ವಾರದಲ್ಲಿ ದೇವನಾರಿನಲ್ಲಿ ಬೆಂಕಿ ಎದ್ದಾಗ ಆದದ್ದು ಇದೇ. ದಿನಗಳ ಕಾಲ ಹೊಗೆ ನಗರದ ಮೇಲೆ ಕವಿಯಿತು. ಆ ಹೊಗೆ ಉಪಗ್ರಹದ ಚಿತ್ರಗಳಲ್ಲಿಯೂ ಕಾಣಿಸಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಪ್ಲಾಸ್ಟಿಕ್ಕು, ರಬ್ಬರು ಅರೆಬರೆ ಉರಿದಾಗ ಅತಿಸೂಕ್ಷ್ಮ ಕಣಗಳ ಜೊತೆಗೆ ಡಯಾಕ್ಸಿನ್ ಮುಂತಾದ ವಿಷಗಳೂ ಹೊರಡುತ್ತವೆ. ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಉಬ್ಬಸವನ್ನು ಹೆಚ್ಚಿಸುತ್ತವೆ, ಹೃದಯರೋಗಿಗಳನ್ನು ಪೀಡಿಸುತ್ತವೆ. ಡಯಾಕ್ಸಿನ್‌ಗಳು ದೇಹದ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುವಂಥವು. ಅದೇ ವರ್ಷದ ಫೆಬ್ರವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಸದ ನಿಯಮಗಳನ್ನು ಪಾಲಿಸದ ನಗರದಲ್ಲಿ ಹೊಸ ಕಟ್ಟಡಗಳಿಗೆ ಅನುಮತಿ ಕೊಡಬಾರದೆಂದು ತಡೆಯೊಡ್ಡಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಷರತ್ತುಗಳೊಡನೆ ಅದನ್ನು ಸಡಿಲಿಸಿತು. ಮನೆ ಕಟ್ಟುವ ಹಕ್ಕಿಗೂ ಕಸ ಎಸೆಯುವ ರೀತಿಗೂ ಸಂಬಂಧವಿದೆಯೆಂಬುದು ಆಗ ಅನೇಕರಿಗೆ ಮೊದಲ ಬಾರಿಗೆ ಅರಿವಾಯಿತು.

ಬೆಂಕಿಯಂತೆಯೇ ನೀರಿನ ಮೂಲಕವೂ ಕಸವು ಮರಳಿ ಬರುತ್ತದೆ. ಮಳೆನೀರು ಕಸದ ರಾಶಿಯೊಳಗೆ ಇಳಿದು ಕಪ್ಪು ಕೊಳೆನೀರಾಗಿ ಹೊರಬರುತ್ತದೆ. ತಳಕ್ಕೆ ಹೊದಿಕೆಯಿಲ್ಲದ ಹಳೆಯ ತಾಣಗಳಲ್ಲಿ ಅದು ಅಂತರ್ಜಲಕ್ಕೂ ಖಾರಿಗೂ ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿಯಿತು. ಅಂಥ ಮಳೆಯನ್ನು ಯಾವ ಚರಂಡಿಯೂ ತಾಳಲಾರದು, ನಿಜ. ಆದರೆ ಪ್ಲಾಸ್ಟಿಕ್ ಚೀಲಗಳಿಂದ ಕಟ್ಟಿಹೋದ ಚರಂಡಿಗಳೂ ಹೂಳು ತುಂಬಿದ ಮೀಠಿ ನದಿಯೂ ಆ ಸಂಕಟವನ್ನು ಇಮ್ಮಡಿಗೊಳಿಸಿದವು. ನೀರಿಳಿದ ಮೇಲೆ ಬಂದದ್ದು ಲೆಪ್ಟೋಸ್ಪೈರೋಸಿಸ್. ಇಲಿಯ ಮೂತ್ರ ಬೆರೆತ ನೀರಿನಲ್ಲಿ, ಕಾಲಿನ ಸಣ್ಣ ಗಾಯವೊಂದರ ಮೂಲಕ ಒಳಸೇರುವ ಜ್ವರವಿದು. 1896ರ ಇಲಿ ಬೇರೆ ರೋಗ ಹೊತ್ತು ಮರಳಿತ್ತು. ಎಸೆದ ತೆಂಗಿನ ಚಿಪ್ಪು, ಒಡೆದ ಬಕೀಟು, ಹಳೆಯ ಟೈರುಗಳಲ್ಲಿ ನಿಂತ ಅಂಗೈಯಗಲದ ಶುದ್ಧ ನೀರು ಡೆಂಗಿ ಸೊಳ್ಳೆಗೆ ಸಾಕೆಂಬುದನ್ನೂ ಇದರೊಡನೆ ನೆನೆಯಬೇಕು.

ಈ ಎಲ್ಲದರ ಮೊದಲ ಪೆಟ್ಟು ಬೀಳುವುದು ಯಾರ ಮೇಲೆ? ದೇವನಾರಿನ ಬುಡದಲ್ಲಿರುವ ಗೋವಂಡಿ, ಶಿವಾಜಿನಗರಗಳು ಸೇರಿದ ಎಂ-ಪೂರ್ವ ವಾರ್ಡು 2009ರ ಮುಂಬಯಿ ಮಾನವ ಅಭಿವೃದ್ಧಿ ವರದಿಯಲ್ಲಿ ನಗರದ ವಾರ್ಡುಗಳಲ್ಲಿಯೇ ಅತ್ಯಂತ ಕೆಳಗಿನ ಸ್ಥಾನದಲ್ಲಿತ್ತು. ಅಲ್ಲಿ ಚಿಂದಿ ಆಯುವ ಸ್ತ್ರೀಯರೂ ಬಾಲಕರೂ ಬರಿಗೈಯಿಂದ ಕಸವನ್ನು ಕೆದಕಿ ಮರುಬಳಕೆಯ ವಸ್ತುಗಳನ್ನು ಹೆಕ್ಕುತ್ತ ಬಂದಿದ್ದಾರೆ. ನಗರವು ಮಾಡದೆ ಬಿಟ್ಟ ವಿಂಗಡಣೆಯನ್ನು ಅವರು ಮಾಡುತ್ತಾರೆ. ಕಾಗದದಲ್ಲಿ ಸುತ್ತದೆ ಎಸೆದ ಗಾಜಿನ ಚೂರು, ಮಧುಮೇಹಿಯ ಇನ್ಸುಲಿನ್ ಸೂಜಿ ಚುಚ್ಚುವುದು ಅವರ ಕೈಗೆ, ಇಲ್ಲವೇ ಬೆಳಗ್ಗೆ ಕಟ್ಟಡದ ಬಾಗಿಲಿಗೆ ಬರುವ ಪೌರಕಾರ್ಮಿಕನ ಕೈಗೆ. ಒಂದು ಮನೆಯ ಶುಚಿತ್ವವು ಇನ್ನೊಬ್ಬನ ರಕ್ತದಿಂದ ಸಾಧಿತವಾಗುವುದಾದರೆ ಅದನ್ನು ಶುಚಿತ್ವವೆನ್ನಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬ ಗೃಹಸ್ಥನೂ ಕೇಳಿಕೊಳ್ಳಬೇಕು.

ನಿರಾಶೆಗೆ ಕಾರಣವಿಲ್ಲ. 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿನಿಂದ ತತ್ತರಿಸಿದ ಸೂರತ್ ನಗರವು 1995ರಲ್ಲಿ ಎಸ್. ಆರ್. ರಾವ್ ಅವರು ಆಯುಕ್ತರಾಗಿ ಬಂದ ಮೇಲೆ, ಅದೇ ಸಿಬ್ಬಂದಿಯನ್ನಿಟ್ಟುಕೊಂಡು ಕೆಲವೇ ವರ್ಷಗಳಲ್ಲಿ ದೇಶದ ಸ್ವಚ್ಛ ನಗರಗಳ ಸಾಲಿಗೆ ಸೇರಿತು. ಮನೆಯಲ್ಲೇ ವಿಂಗಡಿಸಿದ ಕಸವನ್ನು ಬಾಗಿಲಿನಿಂದ ಒಯ್ಯುವ ಕ್ರಮವನ್ನು ದೃಢವಾಗಿ ನಡೆಸಿದ ಇಂದೋರ್, 2017ರಿಂದ ಹಲವು ವರ್ಷ ಸತತವಾಗಿ ಸ್ವಚ್ಛತಾ ಸರ್ವೇಕ್ಷಣೆಯಲ್ಲಿ ಪ್ರಥಮ ಸ್ಥಾನ ಪಡೆಯಿತು. ಮುಂಬಯಿಯಲ್ಲೂ ಮುಲುಂಡ್ ತಾಣವನ್ನು 2018ರಲ್ಲಿ ಮುಚ್ಚಲಾಯಿತು.

ರೈಲ್ವೆಯ ಒಂದು ದೃಷ್ಟಾಂತವೂ ಇಲ್ಲಿ ಉಚಿತ. ದಶಕಗಳ ಕಾಲ ರೈಲುಡಬ್ಬಿಗಳ ಶೌಚಾಲಯದ ಮಲವು ನೇರವಾಗಿ ಹಳಿಯ ಮೇಲೆ ಬೀಳುತ್ತಿತ್ತು. ಹಳಿಯೂ ಅದನ್ನು ಬಿಗಿಯುವ ಕೊಂಡಿಗಳೂ ತುಕ್ಕು ಹಿಡಿಯುತ್ತಿದ್ದವು, ಗ್ಯಾಂಗ್‌ಮನ್ನರು ಆ ಹೊಲಸಿನ ನಡುವೆಯೇ ದುಡಿಯುತ್ತಿದ್ದರು. ರಕ್ಷಣಾ ಸಂಶೋಧನಾ ಸಂಸ್ಥೆಯೊಡನೆ ಸೇರಿ ರೈಲ್ವೆಯು ರೂಪಿಸಿದ ಜೈವಿಕ ಶೌಚಾಲಯಗಳು 2011ರಿಂದ ಬಳಕೆಗೆ ಬಂದವು. ಆ ದಶಕವು ಮುಗಿಯುವ ವೇಳೆಗೆ ಬಹುತೇಕ ಎಲ್ಲ ಪ್ರಯಾಣಿಕ ಡಬ್ಬಿಗಳಲ್ಲೂ ಅವನ್ನು ಅಳವಡಿಸಲಾಯಿತು. ಡಬ್ಬಿಯ ತಳದ ತೊಟ್ಟಿಯಲ್ಲಿರುವ ಸೂಕ್ಷ್ಮಾಣುಗಳು ಮಲವನ್ನು ನೀರು ಮತ್ತು ಅನಿಲವಾಗಿ ಒಡೆಯುತ್ತವೆ. ಆದರೆ ಪ್ರಯಾಣಿಕನೊಬ್ಬ ಅದರೊಳಗೆ ಪ್ಲಾಸ್ಟಿಕ್ ಬಾಟಲಿಯನ್ನೋ ಗುಟ್ಕಾ ಪೊಟ್ಟಣವನ್ನೋ ಎಸೆದರೆ ಇಡೀ ಯಂತ್ರ ಕಟ್ಟಿಹೋಗುತ್ತದೆ. ಎಷ್ಟೇ ಉತ್ತಮವಾದ ವ್ಯವಸ್ಥೆಯೂ ಕೊನೆಗೆ ಎಸೆಯುವ ಕೈಯನ್ನೇ ಅವಲಂಬಿಸಿದೆ ಎಂಬ ಪಾಠ ಇದರಲ್ಲಿದೆ. ಕಸದ ವಿಲೇವಾರಿ ಆರಂಭವಾಗುವುದು ದೇವನಾರಿನಲ್ಲಲ್ಲ, ಅಡಿಗೆಮನೆಯಲ್ಲಿ.

ಅಡಿಗೆಮನೆಯಲ್ಲಿ ಮಾಡಬೇಕಾದದ್ದು ಕಠಿನವೇನಲ್ಲ. ಹಸಿಕಸಕ್ಕೆ ಒಂದು ಡಬ್ಬಿ, ಒಣಕಸಕ್ಕೆ ಒಂದು ಚೀಲ, ಬ್ಯಾಟರಿ, ಬಲ್ಬು, ಅವಧಿ ಮೀರಿದ ಔಷಧಗಳಿಗೆ ಮತ್ತೊಂದು ಪೆಟ್ಟಿಗೆ. ಸೂಜಿಗಳನ್ನು ದಪ್ಪ ಡಬ್ಬಿಯಲ್ಲಿಟ್ಟು ಮುಚ್ಚಬೇಕು, ಗಾಜನ್ನು ಕಾಗದದಲ್ಲಿ ಸುತ್ತಬೇಕು. ಮಕ್ಕಳ ಡೈಪರು, ನ್ಯಾಪಕಿನ್ನುಗಳನ್ನು ಬೇರೆಯಾಗಿ ಸುತ್ತಿ ಕೊಡಬೇಕು. ಹಾಲಿನ ಪೊಟ್ಟಣವನ್ನು ತೊಳೆದು ಒಣಗಿಸಿದರೆ ಅದು ಕಸವಲ್ಲ, ಸರಕು. ಭಾರತದ ನಗರಗಳ ಮನೆಗಸದಲ್ಲಿ ಅರ್ಧದಷ್ಟು ಹಸಿಕಸವೇ. ಅದನ್ನು ರಂಧ್ರಗಳುಳ್ಳ ಕುಂಡದಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿಯಂತೆ ಹರಡಿ, ವಾರಕ್ಕೆರಡು ಬಾರಿ ಕೈಯಾಡಿಸಿದರೆ ಸುಮಾರು ಎರಡು ತಿಂಗಳಲ್ಲಿ ಗೊಬ್ಬರವಾಗುತ್ತದೆ. ವಾಸನೆ ಬಂದರೆ ನೀರು ಹೆಚ್ಚಾಗಿದೆ, ಗಾಳಿ ಕಡಿಮೆಯಾಗಿದೆ ಎಂದರ್ಥ. ಒಣ ಎಲೆ ಸೇರಿಸಿದರೆ ಸರಿಹೋಗುತ್ತದೆ. ಆ ಗೊಬ್ಬರವು ಬಾಲ್ಕನಿಯ ತುಳಸಿಗೇ ಸಲ್ಲಲಿ.

ಭಕ್ತ ಸಮುದಾಯದ ಜವಾಬ್ದಾರಿ ಇನ್ನೂ ಒಂದು ಹೆಜ್ಜೆ ಮುಂದಿದೆ. 2016ರ ಘನತ್ಯಾಜ್ಯ ನಿಯಮಗಳು ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭಗಳಲ್ಲಿ ಕಸವನ್ನು ಅಲ್ಲಿಯೇ ವಿಂಗಡಿಸುವ ಹೊಣೆಯನ್ನು ಏರ್ಪಡಿಸುವವರ ಮೇಲೆ ಹೊರಿಸಿದವು. ಆರಾಧನೆಯ ಸಂತರ್ಪಣೆಯಲ್ಲಿ ಬಾಳೆಎಲೆಯ ಬಳಕೆ ಪರಂಪರೆಯಿಂದ ಬಂದದ್ದು, ಅದಕ್ಕಿಂತ ಉತ್ತಮವಾದ ತಟ್ಟೆ ಇಲ್ಲ. ಆದರೆ ಎಲೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಲೋಟವೂ ನೀರಿನ ಸಣ್ಣ ಬಾಟಲಿಯೂ ಬಂದು ಕುಳಿತವು. ಎಲೆ ಎತ್ತುವಾಗ ಅವೂ ಎಲೆಯೊಳಗೆ ಮಡಿಚಿಹೋದರೆ ನೂರಾರು ಎಲೆಗಳ ಗೊಬ್ಬರ ಕೆಟ್ಟಂತೆಯೇ. ಸ್ಟೀಲು ಲೋಟಗಳನ್ನು ತೊಳೆಯುವ ಶ್ರಮವನ್ನು ಯುವಕರು ಸರದಿಯಂತೆ ವಹಿಸಿಕೊಂಡರೆ ಈ ತೊಂದರೆಯೇ ಇರದು. ಎಂಜಲೆಲೆ ಎತ್ತುವುದನ್ನು ಸೇವೆಯೆಂದು ಭಾವಿಸಿದ ಪರಂಪರೆಯಲ್ಲಿ ಇದಕ್ಕೆ ಹೊಸ ಉಪದೇಶ ಬೇಕಿಲ್ಲ.

ನಿರ್ಮಾಲ್ಯದ ವಿಷಯವೂ ಹಾಗೆಯೇ. ದೇವರಿಗೆ ಏರಿಸಿದ ಹೂವು, ತುಳಸಿಗಳನ್ನು ಕಸಕ್ಕೆ ಸೇರಿಸಲು ಮನಸ್ಸೊಪ್ಪದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ರೈಲು ಸೇತುವೆಯ ಮೇಲೆ ಹೋಗುವಾಗ ಖಾರಿಗೆ ಎಸೆಯುವ ರೂಢಿ ಈ ನಗರದಲ್ಲಿದೆ. ಹೂವು ಕರಗುತ್ತದೆ, ಚೀಲ ಕರಗುವುದಿಲ್ಲ. ಭಕ್ತಿಯಿಂದ ಎಸೆದ ಚೀಲವೂ ನೀರಿನ ದಾರಿಯನ್ನು ಕಟ್ಟುವುದರಲ್ಲಿ ಉಳಿದ ಚೀಲಗಳಿಗಿಂತ ಭಿನ್ನವಲ್ಲ. ನಿರ್ಮಾಲ್ಯಕ್ಕೆ ಬೇರೆಯೇ ಆದ ಕುಂಡವೊಂದನ್ನು ಮಠದ ಅಂಗಳದಲ್ಲಿಟ್ಟು, ದಾರ, ಜರಿ, ಚೀಲಗಳನ್ನು ತೆಗೆದು ಹಾಕಿದರೆ ಅದು ಪವಿತ್ರವಾದ ಮಣ್ಣಾಗಿ ಮರಳುತ್ತದೆ.

ಮಡಿಯ ಅರ್ಥವನ್ನು ಹಿರಿಯರು ಒಲೆಯ ಕಟ್ಟೆಯಿಂದ ದೇವರ ಕೋಣೆಯವರೆಗೆ ಪಾಲಿಸಿದರು. ಅವರ ಕಾಲದಲ್ಲಿ ಮನೆಯಿಂದ ಹೊರಗೆ ಹೋದದ್ದು ಹಿತ್ತಿಲ ತಿಪ್ಪೆ ಸೇರಿ ಗದ್ದೆಗೆ ಗೊಬ್ಬರವಾಗುತ್ತಿತ್ತು. ಆದುದರಿಂದ ಹೊಸ್ತಿಲಿನಾಚೆಯ ಚಿಂತೆ ಅವರಿಗೆ ಬೇಕಿರಲಿಲ್ಲ. ಈ ಕಾಲದ ಗೃಹಸ್ಥನಿಗೆ ಆ ಹಿತ್ತಿಲಿಲ್ಲ. ಅವನ ಹಿತ್ತಿಲು ಈಗ ಇನ್ನೊಬ್ಬನ ಮನೆಯ ಅಂಗಳ. ಮಡಿಯ ಗಡಿಯನ್ನು ಹೊಸ್ತಿಲಿನಾಚೆಗೂ ವಿಸ್ತರಿಸುವುದು, ಹೊರಗೆ ಹೋಗುವ ಪ್ರತಿಯೊಂದು ಚೀಲವೂ ಯಾರ ಕೈ ಸೇರುವುದೆಂದು ವಿಚಾರಿಸುವುದು, ಇಂದಿನ ಶೌಚಾಚಾರದ ಅಂಗವಾಗಬೇಕು. ಮುಂದಿನ ಆರಾಧನೆಯ ಸಂತರ್ಪಣೆಯಿಂದಲೇ ಇದು ಆರಂಭವಾಗಲೆಂದು ಸಭೆಯಲ್ಲಿ ವಿನಂತಿ.

ಶ್ರೀಕೃಷ್ಣಾರ್ಪಣಮಸ್ತು.