ಸೇವಾಕ್ಷೇತ್ರದ ಆಯ್ಕೆಯೂ ದೇವರ ಚಿತ್ತವೂ



ಅಧ್ಯಕ್ಷಪೀಠವನ್ನು ಏರಿದವನು ತನ್ನ ಅಯೋಗ್ಯತೆಯನ್ನು ಕುರಿತು ಮೊದಲು ನಾಲ್ಕು ಮಾತನಾಡಬೇಕೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಸಂಪ್ರದಾಯವಾಗಿದ್ದರೂ, ನೀವೆಲ್ಲರೂ ನನ್ನನ್ನು ಚೆನ್ನಾಗಿ ಬಲ್ಲವರೇ ಆದ್ದರಿಂದ ಆ ವಿಷಯವನ್ನು ವಿಸ್ತರಿಸಬೇಕಾದ ಅಗತ್ಯವಿಲ್ಲವೆಂದು ಭಾವಿಸಿ ನೇರವಾಗಿ ಪ್ರಸ್ತುತಕ್ಕೆ ಬರುತ್ತೇನೆ.

ಸೇವೆಗೆ ಮನಸ್ಸುಮಾಡಿದ ಕ್ರೈಸ್ತ ತರುಣನ ಅಥವಾ ತರುಣಿಯ ಮುಂದೆ ಒಂದಕ್ಕಿಂತ ಹೆಚ್ಚು ಕ್ಷೇತ್ರಗಳು ತೆರೆದಿರುವಾಗ, ಅವುಗಳಲ್ಲಿ ಯಾವುದು ದೇವರ ಚಿತ್ತವೆಂದು ಅರಿಯುವ ಬಗೆ ಹೇಗೆ ಎಂಬುದು ಕಾರ್ಯದರ್ಶಿಗಳು ನನಗೆ ಒಪ್ಪಿಸಿರುವ ವಿಷಯ. ಸೇವೆ ಮಾಡಬೇಕೇ ಬೇಡವೇ ಎಂಬ ಪ್ರಶ್ನೆಗೆ ಸತ್ಯವೇದದಲ್ಲಿ ಉತ್ತರ ಸ್ಪಷ್ಟವಾಗಿಯೇ ಇದೆ. ಆದರೆ ತಾಲ್ಲೂಕಿನ ಬೋರ್ಡಿಂಗ್ ಶಾಲೆಯೋ, ಆಸ್ಪತ್ರೆಯೋ, ಪಟ್ಟಣದ ಸಭೆಯೋ ಎಂಬುದಕ್ಕೆ ಅಧ್ಯಾಯ ವಚನಗಳನ್ನು ತೋರಿಸಿ ಉತ್ತರ ಹೇಳಬಲ್ಲವರು ಯಾರೂ ಇಲ್ಲ.

ಕೆಲವು ಕಾಲದ ಹಿಂದೆ ದೇವಜ್ಞಾನ ಶಾಲೆಯ ವ್ಯಾಸಂಗವನ್ನು ಮುಗಿಸಿದ ತರುಣನೊಬ್ಬನು ನನ್ನಲ್ಲಿಗೆ ಬಂದು ಮೂರು ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟನು. ಒಂದು ಪಟ್ಟಣದ ಸಂಸ್ಥೆಯೊಂದರಿಂದ ಟೈಪು ಮಾಡಿ ಬಂದದ್ದು, ಸಂಬಳದ ಮೊತ್ತವು ಅದರ ಮೂರನೆಯ ಸಾಲಿನಲ್ಲೇ ಇದ್ದಿತು. ಎರಡನೆಯದು ಆಸ್ಪತ್ರೆಯೊಂದರ ಮೇಲ್ವಿಚಾರಕರದು. ಮೂರನೆಯದು ಗೆರೆಹಾಕಿದ ನೋಟುಪುಸ್ತಕದಿಂದ ಹರಿದ ಹಾಳೆ, ಅದರ ಕೆಳಗೆ ಹಳ್ಳಿಯ ಸಭಾಹಿರಿಯರ ರುಜುಗಳು, ರುಜು ಬಾರದವರ ಹೆಬ್ಬೆಟ್ಟಿನ ಗುರುತುಗಳು. ಕಣ್ಣು ಮುಚ್ಚಿ ವೇದಪುಸ್ತಕವನ್ನು ತೆರೆದು ಬೆರಳಿಟ್ಟು ನೋಡಿದೆನೆಂದೂ, ಪ್ರತಿಸಲವೂ ಬೇರೆ ಬೇರೆ ಸೂಚನೆ ಬಂದಿತೆಂದೂ, ಒಮ್ಮೆಯಂತೂ ಬೆರಳು ವಂಶಾವಳಿಯ ಮೇಲೆ ಬಿದ್ದಿತೆಂದೂ ಅವನು ವಿಷಾದದಿಂದ ಹೇಳಿದನು. ನಿನ್ನ ಸಭೆಯ ಹಿರಿಯರಿಗೆ ಈ ಕಾಗದಗಳನ್ನು ತೋರಿಸಿದೆಯಾ ಎಂದು ಕೇಳಿದಾಗ, ಅದು ತನಗೆ ಹೊಳೆಯಲಿಲ್ಲವೆಂದನು. ಮಗಳಿಗೆ ವರನನ್ನು ನೋಡುವಾಗ ಹತ್ತು ಮನೆಗಳಲ್ಲಿ ವಿಚಾರಿಸಿ, ಹಿರಿಯರನ್ನು ಕೂಡಿಸಿ, ವರನ ಊರಿನವರೆಗೂ ಹೋಗಿ ಬರುವ ನಾವು, ಜೀವಮಾನದ ಸೇವೆಯನ್ನು ಬೆರಳ ತುದಿಗೆ ಬಿಡುವುದು ವಿಚಿತ್ರವಲ್ಲವೆ?

ಸೂಚನೆಗಳನ್ನು ನಾನು ಹಳಿಯುತ್ತಿಲ್ಲ. ಗಿದ್ಯೋನನು ತುಪ್ಪಟವನ್ನು ಕಣದಲ್ಲಿ ಹಾಕಿ ಮಂಜಿಗಾಗಿ ಕಾದದ್ದನ್ನು ಅನೇಕರು ಉದಾಹರಿಸುತ್ತಾರೆ. ಆದರೆ ಮಿದ್ಯಾನ್ಯರ ಕೈಯಿಂದ ಇಸ್ರಾಯೇಲನ್ನು ಬಿಡಿಸಬೇಕೆಂಬ ಅಪ್ಪಣೆ ಅವನಿಗೆ ಮೊದಲೇ ದೊರೆತಿದ್ದಿತು, ತುಪ್ಪಟ ಬೇಕಾದದ್ದು ಅವನ ಭಯಕ್ಕೆ. ಮತ್ತೀಯನ ವಿಷಯದಲ್ಲಿ ಅಪೊಸ್ತಲರು ಚೀಟು ಹಾಕಿದ್ದು ನಿಜ. ಆದರೆ ಯೋಹಾನನ ದೀಕ್ಷಾಸ್ನಾನದ ದಿನಗಳಿಂದ ತಮ್ಮೊಡನೆ ಇದ್ದವರನ್ನು ವಿಚಾರಿಸಿ ಇಬ್ಬರನ್ನು ನಿಲ್ಲಿಸಿದ ಮೇಲೆಯೇ ಅವರು ಚೀಟಿಗೆ ಕೈಹಾಕಿದರು, ಮತ್ತು ಪಂಚಾಶತ್ತಮ ದಿನದ ಅನಂತರ ಅಪೊಸ್ತಲರ ಕೃತ್ಯಗಳ ಗ್ರಂಥದಲ್ಲಿ ಅವರು ಚೀಟು ಹಾಕಿದ ಪ್ರಸ್ತಾಪವೇ ಇಲ್ಲ. ೧೮ನೆಯ ಶತಮಾನದ ಮೊರಾವಿಯ ಸಭೆಯವರು, ಲೋಕದ ಅಂಚಿನವರೆಗೂ ಸೇವಕರನ್ನು ಕಳುಹಿಸಿದ ಆ ಧೀರರು, ವಿವಾಹಕ್ಕೂ ಚೀಟು ಹಾಕುತ್ತಿದ್ದರು. ಮುಂದೆ ಅವರೇ ಆ ಪದ್ಧತಿಯನ್ನು ಕೈಬಿಟ್ಟರು.

ಈ ವಿಷಯದಲ್ಲಿ ನನಗೆ ಅತ್ಯಂತ ಬೋಧಕವಾಗಿ ತೋರುವುದು ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯ. ಪೌಲನು ಆಸ್ಯ ಸೀಮೆಯಲ್ಲಿ ಸುವಾರ್ತೆಯನ್ನು ಸಾರಬೇಕೆಂದಿದ್ದನು, ಪವಿತ್ರಾತ್ಮನು ತಡೆದನು. ಬಿಥೂನ್ಯಕ್ಕೆ ಹೋಗಲು ಪ್ರಯತ್ನಿಸಿದನು, ಅದೂ ಕೂಡದಾಯಿತು. ಎರಡು ಸಲ ಇಲ್ಲವೆನ್ನಿಸಿಕೊಂಡು, ಕಾರಣವೇನೆಂದು ತಿಳಿಯದೆ, ಅವನು ತ್ರೋವದ ಕಡಲತೀರವನ್ನು ಮುಟ್ಟಿದನು. ಮಕೆದೋನ್ಯದವನೊಬ್ಬನು ಕರೆಯುವ ದರ್ಶನವು ಅಲ್ಲಿ ಆಯಿತು. ಎಲ್ಲಿಯಾದರೂ ದರ್ಶನವಾಗಲೆಂದು ಮನೆಯಲ್ಲಿ ಕುಳಿತವನಿಗೆ ಇದು ದೊರೆತದ್ದಲ್ಲ, ದಾರಿ ನಡೆಯುತ್ತಿದ್ದವನಿಗೆ ದೊರೆತದ್ದು. ದರ್ಶನವನ್ನು ಕಂಡವನು ಒಬ್ಬನೇ ಆದರೂ, ಅದರ ಅರ್ಥವನ್ನು ನಿಶ್ಚಯಿಸಿ ಹೊರಟವರು ಜೊತೆಗಾರರೆಲ್ಲರೂ. ಫಿಲಿಪ್ಪಿಯ ನದೀತೀರದಲ್ಲಿ ಮೊದಲು ನಂಬಿದ ಲುದ್ಯಳು ಥುವತೈರ ಊರಿನವಳು, ಅಂದರೆ ಯಾವ ಆಸ್ಯ ಸೀಮೆ ಪೌಲನಿಗೆ ಮುಚ್ಚಿತ್ತೋ ಆ ಸೀಮೆಯವಳೇ. ಮುಂದೆ ಅದೇ ಸೀಮೆಯ ಎಫೆಸದಲ್ಲಿ ಅವನು ಎರಡು ವರ್ಷಗಳಿಗೂ ಮಿಕ್ಕಿ ಬೋಧಿಸಿದನು. ಮುಚ್ಚಿದ ಬಾಗಿಲುಗಳೆಲ್ಲವೂ ಸದಾಕಾಲಕ್ಕೆ ಮುಚ್ಚಿದವುಗಳಲ್ಲವೆಂಬುದನ್ನು ಅವಸರದ ಯುವಕರು ಗಮನಿಸಬೇಕು.

ನಮ್ಮ ನಾಡಿನಲ್ಲಿಯೇ ಇಂಥದೊಂದು ನಡೆದಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರನ್ನು ಶ್ರೀರಂಗಪಟ್ಟಣಕ್ಕೆಂದು ನೇಮಿಸಲಾಗಿತ್ತು. ಅಲ್ಲಿ ನೆಲೆಸಲು ಅವಕಾಶವಾಗಲಿಲ್ಲ. ೧೮೧೦ರಲ್ಲಿ ಅವರು ಬಳ್ಳಾರಿಗೆ ಬಂದರು. ನಿಜಾಮನಿಂದ ಕಂಪನಿಗೆ ಬಂದು ಇನ್ನೂ ಹತ್ತು ವರ್ಷವಾಗಿದ್ದ, ಕನ್ನಡ ತೆಲುಗುಗಳೆರಡೂ ಬೀದಿಯಲ್ಲಿ ಕೇಳಿಬರುವ ಆ ಸೀಮೆಯಲ್ಲಿ ಕುಳಿತು ಅವರು ಕನ್ನಡವನ್ನು ಕಲಿತರು, ಶಾಲೆಗಳನ್ನು ತೆರೆದರು, ವೇದಭಾಷಾಂತರಕ್ಕೆ ತೊಡಗಿದರು. ಜೊತೆಗೂಡಿದ ವಿಲಿಯಂ ರೀವರು ನಿಘಂಟುಗಳನ್ನು ರಚಿಸಿದರು. ೧೮೩೧ರ ಹೊತ್ತಿಗೆ ಸತ್ಯವೇದವು ಸಂಪೂರ್ಣವಾಗಿ ಕನ್ನಡದಲ್ಲಿ ಅಚ್ಚಾಗಿತ್ತು. ಹ್ಯಾಂಡ್ಸರಿಗೆ ಬಳ್ಳಾರಿಯ ದಾರಿಯಲ್ಲಿ ದರ್ಶನವಾಯಿತೆಂದು ಯಾರೂ ಬರೆದಿಲ್ಲ; ಅನುಮತಿ ದೊರೆಯದ ಒಂದು ಲೌಕಿಕ ಅಡ್ಡಿಯೇ ಅವರಿಗೆ ಮಾರ್ಗದರ್ಶನವಾಯಿತು. ನಮಗೆ ಬೇಡವೆನಿಸಿದ ಪ್ರತಿಯೊಂದು ವರ್ಗಾವಣೆಯ ಪತ್ರವನ್ನೂ ಸೈತಾನನ ಕೆಲಸವೆಂದು ಕರೆಯುವ ಮೊದಲು ಇದನ್ನು ನೆನೆಯಬಹುದು.

ಹಾಗೆಂದು ಅಡ್ಡಿಯೊಂದೇ ಸಾಲದು. ವೇ. ಸ. ಅಜರಯ್ಯನವರ ಮುಂದೆ ಯಾವ ಬಾಗಿಲೂ ಮುಚ್ಚಿರಲಿಲ್ಲ. ಕ್ರೈಸ್ತ ಯುವಕ ಸಂಘದ ಕಾರ್ಯದರ್ಶಿಯಾಗಿ ದೇಶವನ್ನೆಲ್ಲ ಸುತ್ತುತ್ತ, ಸೇವೆಗೆ ಹೊರಡಿರೆಂದು ತರುಣರನ್ನು ಕರೆಯುತ್ತಿದ್ದ ಅವರಿಗೆ ಕೀರ್ತಿಯೂ ಇತ್ತು, ಕೆಲಸವೂ ಇತ್ತು. ಇತರರಿಗೆ ಹೇಳುವ ಮಾತು ತಮ್ಮನ್ನೇ ಚುಚ್ಚಲಾರಂಭಿಸಿದಾಗ, ೧೯೦೯ರಲ್ಲಿ ಅವರು ತಮಿಳುನಾಡನ್ನು ಬಿಟ್ಟು ತೆಲುಗರ ದೋರ್ನಕಲ್ಲಿಗೆ ಹೋದರು. ಅವರನ್ನು ಕಳುಹಿಸಿದ್ದು ತಿರುನೆಲ್ವೇಲಿಯ ಭಾರತೀಯರೇ ೧೯೦೩ರಲ್ಲಿ ಸ್ಥಾಪಿಸಿದ ಮಿಷನರಿ ಸಂಘ. ಸ್ಥಾಪಕರಲ್ಲಿ ಅವರೂ ಒಬ್ಬರು. ಒಳಗಿನ ಚುಚ್ಚು ಅವರದು, ಕಳುಹಿಸುವ ಕೈ ಸಭೆಯದು. ದಮಸ್ಕದ ದಾರಿಯಲ್ಲಿ ಕರೆಯನ್ನು ಕೇಳಿದ ಸೌಲನಿಗೂ, ಅಂದರೆ ಇದೇ ಪೌಲನಿಗೂ, ಅಂತಿಯೋಕ್ಯದ ಸಭೆ ಉಪವಾಸವಿದ್ದು ಪ್ರಾರ್ಥಿಸಿ ಕೈಯಿಟ್ಟು ಕಳುಹಿಸಬೇಕಾಯಿತಷ್ಟೆ.

ಸಂಬಳ, ಮನೆ, ಮಕ್ಕಳ ವಿದ್ಯಾಭ್ಯಾಸ ಇವುಗಳನ್ನು ವಿಚಾರಿಸುವುದು ಅಧ್ಯಾತ್ಮಕ್ಕೆ ಕುಂದೆಂದು ನಾನು ಬಗೆಯುವುದಿಲ್ಲ; ಅವುಗಳನ್ನು ಮನಸ್ಸಿನಲ್ಲಿ ಎಣಿಸಿ ನೋಡಿ, ಬಾಯಲ್ಲಿ ದೇವರ ಚಿತ್ತವೆಂದು ಹೇಳುವುದು ಮಾತ್ರ ಕುಂದು. ಕಷ್ಟವಿದ್ದಲ್ಲೆಲ್ಲ ದೇವರ ಕರೆ ಇದೆಯೆಂದು ತಿಳಿಯುವುದೂ ಒಂದು ಬಗೆಯ ಅಹಂಕಾರವೇ. ಹಳ್ಳಿಯ ಹೆಬ್ಬೆಟ್ಟಿನ ಕಾಗದ ಪಟ್ಟಣದ ಟೈಪಿನ ಕಾಗದಕ್ಕಿಂತ ತನಗೆ ತಾನೇ ಪವಿತ್ರವಲ್ಲ; ಆ ತರುಣನಿಗೆ ಯಾವ ವರವಿದೆ, ಆ ಜನರಿಗೆ ಯಾವ ಕೊರತೆಯಿದೆ ಎಂಬುದನ್ನು ಅವನನ್ನು ಬಾಲ್ಯದಿಂದ ಕಂಡವರು ಕೂಡಿ ನೋಡಬೇಕು.

ಅದಕ್ಕೆ ನಮ್ಮ ಸಭೆಗಳಲ್ಲಿ ಇಂದು ಏರ್ಪಾಡಿಲ್ಲ. ಅರ್ಜಿ ಮಂಡಲಿಗೆ ಹೋಗುತ್ತದೆ, ನೇಮಕ ಮಂಡಲಿಯಿಂದ ಬರುತ್ತದೆ. ಆ ನಡುವೆ ತರುಣನನ್ನು ಸಾಕಿದ ಸಭೆಗೆ ಕೇಳುವ ಹಕ್ಕೂ ಇಲ್ಲ, ಹೇಳುವ ಹೊಣೆಯೂ ಇಲ್ಲ. ಆದುದರಿಂದ ಪ್ರತಿಯೊಂದು ಸಭೆಯಲ್ಲಿಯೂ ಇಬ್ಬರು ಹಿರಿಯರನ್ನೂ ಒಬ್ಬ ಸಹೋದರಿಯನ್ನೂ ಈ ಕಾರ್ಯಕ್ಕೆಂದೇ ನಿಯಮಿಸಬೇಕೆಂಬ ಸಲಹೆಯನ್ನು ನಿಮ್ಮ ಮುಂದಿಡುತ್ತೇನೆ. ಸೇವೆಗೆ ಹೊರಡುವವರು ತಮ್ಮ ಕಾಗದಗಳೊಡನೆ ಮೊದಲು ಅವರಲ್ಲಿಗೆ ಬರಲಿ; ಅವರೊಡನೆ ಪ್ರಾರ್ಥಿಸಲಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಡಲಿ, ಅವರು ಬೇಡವೆಂದರೆ ಕೋಪಿಸಿಕೊಳ್ಳದೆ ಸ್ವಲ್ಪ ಕಾಲ ಕಾಯಲಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಈ ಸಲಹೆಯನ್ನು ನಿರ್ಣಯದ ರೂಪದಲ್ಲಿ ಮಂಡಿಸಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ವಿರೋಧಿಸುವವರು ತಮ್ಮ ಹೆಸರುಗಳನ್ನು ಊಟಕ್ಕೆ ಮೊದಲೇ ಅವರಿಗೆ ಕೊಡಬೇಕಾಗಿ ವಿನಂತಿ.