ಪಗಾರ ಜಪ್ತಿಗೂ ಒಂದು ಮಿತಿ ಅದ

(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರು ಮಾಡಿದ ಭಾಷಣ)



ಸಂಘದ ಇಪ್ಪತ್ತೈದು ವರ್ಷದ ಲೆಕ್ಕ ಕಾರ್ಯದರ್ಶಿಗಳು ಆಗಲೇ ಹೇಳ್ಯಾರ. ನಾವು ಬೇರೆ ಮಾತು ಹೇಳಲಿಕ್ಕೆ ನಿಂತೀವಿ. ಮೊದಲು ಜನ ಸಂಘಕ್ಕೆ ಬರುತ್ತಿದ್ದದ್ದು ಬೀಜ, ಗೊಬ್ಬರ, ಬೆಳೆಸಾಲಕ್ಕೆ. ಈಗ ಮಕ್ಕಳ ಓದಿನ ಸಾಲದ ನೋಟೀಸು ಹಿಡಕೊಂಡು ಬರ್ತಾರ. ಸಾಲ ಕೊಟ್ಟವರು ಬ್ಯಾಂಕಿನವರು. ಓದಿ ಹೇಳ್ರಿ ಅಂತ ಬರೋದು ನಮ್ಮ ಹತ್ತಿರ.

2013ರಲ್ಲಿ 371 ಜೆ ಜಾರಿಯಾಗಿ ನಮ್ಮ ಭಾಗದ ಮಕ್ಕಳಿಗೆ ಕಾಲೇಜು ಸೀಟಿನಲ್ಲಿ ಮೀಸಲಾತಿ ಬಂತು. ಸೀಟು ಬಂತು, ಫೀಸು ಎಲ್ಲಿಂದ ತರಬೇಕು? ತೊಗರಿ, ಸೋಯಾ ಮಾರಿದ ರೊಕ್ಕ ಮುಂದಿನ ಬಿತ್ತನೆಗೇ ಸಾಲೂದಿಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ 2001ರಲ್ಲಿ ಬಂದದ್ದು. ಅದರ ಪ್ರಕಾರ 4 ಲಕ್ಷದವರೆಗೆ ಆಸ್ತಿ ಅಡವು ಬೇಡ, ಆದರೆ ತಂದೆ ಅಥವಾ ತಾಯಿಯ ಸಹಿ ಬೇಕು. ಈ ಸಹಿಯನ್ನು ಬಹಳ ಮಂದಿ ಸಾಕ್ಷಿ ಸಹಿ ಅಂತ ತಿಳಿದಾರ. ಅಲ್ಲ. ಅವರೂ ಸಾಲಗಾರರೇ. ಬೇರೆಯವರ ಮಗನಿಗೆ ಜಾಮೀನು ನಿಂತ ಮಾಸ್ತರರು, ಬಸ್ ಡ್ರೈವರರು ಇನ್ನೂ ಎಚ್ಚರ ಇರಬೇಕು. ಕರಾರು ಕಾಯ್ದೆ 1872ರ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ.

ನಮ್ಮ ಕಡೆಯ ಒಬ್ಬ ಹುಡುಗನ ಮಾತು ಹೇಳ್ತೀವಿ, ಹೆಸರು ಬೇಡ. ಹೈದರಾಬಾದಿನಲ್ಲಿ ಕೆಲಸಕ್ಕಿದ್ದ. ಕಂತು ತಪ್ಪಿತು. ‘ನಿನ್ನ ಪೂರ್ತಿ ಪಗಾರ ಜಪ್ತಿ ಮಾಡ್ತೀವಿ, ಮಾಲೀಕರಿಗೆ ಪತ್ರ ಹಾಕ್ತೀವಿ’ ಅಂತ ಒಂದು ಕಾಗದ ಬಂತು. ಹುಡುಗ ಮರ್ಯಾದಿಗೆ ಅಂಜಿ ಕೆಲಸ ಬಿಟ್ಟು ಊರಿಗೆ ಬಂದು ಕೂತ. ಆ ಕಾಗದ ತರಿಸಿ ನೋಡಿದೆವು. ಕೋರ್ಟಿನ ಮೊಹರಿಲ್ಲ, ಕೇಸಿನ ನಂಬರಿಲ್ಲ. ವಸೂಲಿ ಏಜೆಂಟರು ಬರೆದ ಪತ್ರ! ಪಗಾರನೂ ಹೋಯಿತು, ಕಂತೂ ನಿಂತಿತು, ಲಾಭ ಯಾರಿಗೆ?

ಕಾನೂನು ಏನು ಹೇಳ್ತದ ಕೇಳ್ರಿ. ಬ್ಯಾಂಕಿನವರು ಬರೇ ಪತ್ರ ಬರೆದು ಪಗಾರ ಜಪ್ತಿ ಮಾಡಲಿಕ್ಕೆ ಬರೂದಿಲ್ಲ. ದಾವೆ ಹಾಕಬೇಕು, ಡಿಕ್ರಿ ಆಗಬೇಕು, ಆಮೇಲೆ ಕೋರ್ಟೇ ಮಾಲೀಕನಿಗೆ ಹುಕುಂ ಕಳಿಸಬೇಕು. ಆಗಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಅಡ್ಡ ನಿಲ್ಲುತ್ತದೆ. ಪಗಾರದ ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲೂ ಮುಟ್ಟುವಂತಿಲ್ಲ. ಪಗಾರ 25,000 ಇದ್ದರೆ 1,000 ತೆಗೀರಿ, 24,000 ಉಳೀತು. ಅದರ ಮೂರನೇ ಒಂದು ಪಾಲು 8,000. ಜಪ್ತಿ ಅಷ್ಟೇ. 17,000 ಮನೆಗೆ ಬರ್ತದ. ಹೀಗೆ ಒಟ್ಟು 24 ತಿಂಗಳು ಹಿಡಿದ ಮೇಲೆ ಅದೇ ಡಿಕ್ರಿಗೆ ಮತ್ತೆ ಪಗಾರಕ್ಕೆ ಕೈ ಹಾಕುವಂತಿಲ್ಲ. ಕೂಲಿಕಾರರ ಕೂಲಿ ಪೂರ್ತಿ ಬಿಡುಗಡೆ. ಒಕ್ಕಲುತನದ ಸಾಮಾನು, ಜೀವನಕ್ಕೆ ಬೇಕಾದಷ್ಟು ಎತ್ತು, ಬಿತ್ತನೆ ಬೀಜಕ್ಕೂ ರಕ್ಷಣೆ ಅದ. ‘ಈ ರಕ್ಷಣೆ ನನಗೆ ಬೇಡ’ ಅಂತ ಮೊದಲೇ ಬರೆಸಿಕೊಂಡಿದ್ದರೂ ಆ ಬರಹ ನಡೆಯೂದಿಲ್ಲ.

ಅಮೆರಿಕದಲ್ಲಿ ಸರಕಾರದ ವಿದ್ಯಾಸಾಲ ಬಾಕಿಯಾದರೆ ಕೋರ್ಟಿಗೆ ಹೋಗದೆಯೇ ಕೈಗೆ ಬರುವ ಪಗಾರದ ಶೇಕಡಾ 15ರವರೆಗೆ ಹಿಡಿಯುವ ಕಾನೂನು ಅದ. ಅಲ್ಲೂ ಮೊದಲು ನೋಟೀಸು ಕೊಡಬೇಕು, ತಕರಾರು ಇದ್ದರೆ ಕೇಳಬೇಕು.

ಆದರೆ ಸಾಲ ಮಾಫ್ ಆಯಿತು ಅಂತ ಯಾರೂ ತಿಳೀಬ್ಯಾಡ್ರಿ. ಬಡ್ಡಿ ಓಡ್ತಾನೇ ಇರ್ತದ, ಹೊಲಕ್ಕೆ ಆ ರಕ್ಷಣೆ ಇಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಪಗಾರದ ಖಾತೆ ಇದ್ದರೆ, ಅಲ್ಲಿಂದಲೇ ಹೊಂದಿಸಿಕೊಳ್ಳುವ ಹಕ್ಕು ತಮಗದ ಅಂತ ಬ್ಯಾಂಕಿನವರು ಹೇಳ್ತಾರ. ಕೋರ್ಟಿನ ಸಮನ್ಸು ಬಂದರೆ ಬಾಗಿಲು ಹಾಕಿ ಕೂಡಬ್ಯಾಡ್ರಿ. ಹೋಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗ್ತದ. ಹೋದರೆ ಕಂತು ಮಾಡಿ ಕೊಡ್ರಿ ಅಂತ ಕೇಳಲಿಕ್ಕಾದರೂ ಬರ್ತದ. ಲೋಕ ಅದಾಲತ್ತೂ ಅದ.

ಇನ್ನು ನಮ್ಮ ಸಂಘದ ಮಾತು. ‘ಇದನ್ನೆಲ್ಲ ಹೇಳಿದರ ನಮ್ಮ ವಸೂಲಿನೇ ಕೆಡ್ತದ’ ಅಂತ ಒಬ್ಬ ನಿರ್ದೇಶಕರು ನಮ್ಮ ಕಿವಿಯಾಗ ಹೇಳಿದ್ರು. ಕೆಡೂದಿಲ್ಲ ಅಂತ ನಮ್ಮ ನಂಬಿಕೆ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 34ನೇ ಕಲಮಿನಂತೆ, ‘ನನ್ನ ಪಗಾರದಲ್ಲಿ ಮುರಿದು ಸಂಘಕ್ಕೆ ಕೊಡ್ರಿ’ ಎಂದು ಸದಸ್ಯರು ಬರೆದುಕೊಟ್ಟರೆ ಮಾಲೀಕರು ಮುರಿದು ಕೊಡಬೇಕು. ಇದಕ್ಕೆ ಡಿಕ್ರಿ ಬೇಡ, ನಿಮ್ಮ ಸಹಿಯೇ ಸಾಕು. ಅದಕ್ಕೇ ಎಷ್ಟು ರೂಪಾಯಿ, ಎಷ್ಟು ಕಂತು ಅಂತ ಓದದೆ ಸಹಿ ಹಾಕಬ್ಯಾಡ್ರಿ. ಖಾಲಿ ಬಿಟ್ಟಿದ್ದರೆ ತುಂಬಿಸಿಕೊಳ್ರಿ, ನಾವೇ ಮುಂದೆ ಕೂತಿದ್ದರೂ ಸರಿ. ಖಾಸಗಿ ಕಂಪನಿ, ಕಾರ್ಖಾನೆಗಳಲ್ಲಿ 1936ರ ವೇತನ ಪಾವತಿ ಕಾಯ್ದೆಯಂತೆ ಸಹಕಾರ ಸಂಘದ ಬಾಕಿ ಸೇರಿದ್ದರೆ ಪಗಾರದ ಶೇಕಡಾ 75ರವರೆಗೆ ಮುರಿಯಬಹುದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಎಲ್ಲ ಕಡಿತ ಸೇರಿ ಶೇಕಡಾ 50 ದಾಟುವಂತಿಲ್ಲ.

ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನು ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಹೇಳಿದೆ. ಅಂಥ ಫೋನು ಬಂದರೆ ವೇಳೆ, ನಂಬರು ಬರೆದಿಡ್ರಿ. ನೋಟೀಸು ಬಂದವರು ಹರಿದು ಒಗೀಬ್ಯಾಡ್ರಿ, ಲಕೋಟೆ ಸಮೇತ ಸಂಘದ ಕಚೇರಿಗೆ ತಗೊಂಡು ಬರ್ರಿ. ಅದು ಕೋರ್ಟಿನದೋ ಏಜೆಂಟರದೋ ಅಂತ ಕೂತು ನೋಡೋಣ. ಕೋರ್ಟಿನದಾದರೆ ಔರಾದಿನಲ್ಲಿ ವಕೀಲರ ಹತ್ತಿರ ಕರಕೊಂಡು ಹೋಗ್ತೀವಿ.